ಹಳ್ಳಿಯ ಪ್ಲಾಸ್ಟಿಕ್ ಸಿಮೆಂಟ್ ಕಾರ್ಖಾನೆಗೆ: ಗಾಡಿ ಹೊಳ್ಳಿ ಬರದಂತೆ ಕಳಿಸುವುದು ಹೇಗೆ?

“ಅಕ್ಕೋರೆ, ಗಾಡಿ ಹೊಳ್ಳಿ ಒಯ್ರಿ.”

ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಯೊಂದರ ಗೇಟಿನಲ್ಲಿ ಈ ಮಾತು ಕೇಳಿಸಿಕೊಂಡು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ತುಂಬಿದ ಟ್ರ್ಯಾಕ್ಟರ್ ತಿರುಗಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೂರು ತಿಂಗಳು ಕೂಡಿಸಿದ ಕಸ. ನಡುವೆ ಫ್ಲೆಕ್ಸ್ ಇತ್ತು, ಅಷ್ಟೇ.

ಸೇಡಂ, ಮಳಖೇಡ, ವಾಡಿ ಸುತ್ತಿನ ಕಾರ್ಖಾನೆಗಳಿಗೆ ಸುಣ್ಣದಕಲ್ಲು ನಮ್ಮ ನೆಲದ್ದೇ. ಕಲ್ಲಿದ್ದಲು ಮಾತ್ರ ದೂರದಿಂದ ಬರಬೇಕು. ಅದರ ಒಂದು ಪಾಲಿನ ಬದಲು, ಗುಜರಿಯವನೂ ಮುಟ್ಟದ ಪ್ಲಾಸ್ಟಿಕ್ ಉರಿಸಬಹುದು. ಕಿಲ್ನ್‌ನಲ್ಲಿ, ಅಂದರೆ ಸಿಮೆಂಟ್ ಸುಡುವ ಕುಲುಮೆಯಲ್ಲಿ, ಕಲ್ಲು ಸುಮಾರು 1450 ಡಿಗ್ರಿಗೆ ಕಾಯುತ್ತದೆ. ಪ್ಲಾಸ್ಟಿಕ್ಕಿನ ಬೂದಿಯೂ ಕ್ಲಿಂಕರಿನಲ್ಲೇ, ಅಂದರೆ ಅರೆದು ಸಿಮೆಂಟ್ ಮಾಡುವ ಸುಟ್ಟ ಗಟ್ಟಿಯಲ್ಲೇ, ಸೇರಿಹೋಗುತ್ತದೆ. ತಿಪ್ಪೆಗೆ ಕಡ್ಡಿ ಗೀರುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಕೆಜಿಗೆ 1500 ಕಿಲೋಕ್ಯಾಲರಿ ಅಥವಾ ಹೆಚ್ಚು ಶಾಖ ಕೊಡುವ, ಮರುಬಳಕೆಯಾಗದ ಕಸವನ್ನು ಗುಂಡಿಗೆ ಸುರಿಯಬಾರದು ಎಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಿತ್ತು.

ಮೊದಲು ಪಂಚಾಯಿತಿ ಪಿಡಿಒ ಮೂಲಕ ಕಾರ್ಖಾನೆಯ ಪರ್ಯಾಯ ಇಂಧನ ವಿಭಾಗಕ್ಕೆ ಪತ್ರ ಬರೆಸಿ. ಮಾಲಿನ್ಯ ಮಂಡಳಿಯ ಅನುಮತಿ ಇದೆಯೇ, ಸಾಗಣೆ ಬಾಡಿಗೆ ಯಾರದು ಎಂಬುದು ಕಾಗದದಲ್ಲೇ ಇರಲಿ. ಬಾಯಿಮಾತು ನಂಬಬೇಡಿ.

ಎರಡನೆಯದು ಸಂಗ್ರಹ. ನೀರಿನ ಬಾಟಲಿ, ಹಾಲಿನ ಪಾಕೀಟು, ಹಳೇ ಡ್ರಿಪ್ ಪೈಪು ಗುಜರಿಗೆ ಮಾರಿ, ರೊಕ್ಕ ಬರುತ್ತದೆ. ಚಿಪ್ಸ್, ಗುಟ್ಕಾ, ಶಾಂಪೂ ಚೀಟಿ, ಹರಿದ ಕ್ಯಾರಿಬ್ಯಾಗು ಉಳಿಯಲಿ. ಬಟ್ಟೆಯಂತೆ ಕಾಣುವ ‘ಪರಿಸರಸ್ನೇಹಿ’ ನಾನ್‌ವೋವನ್ ಚೀಲಗಳನ್ನೂ ಇದಕ್ಕೇ ಹಾಕಿ. ಅವು ಅಪ್ಪಟ ಪ್ಲಾಸ್ಟಿಕ್, ಹೆಸರಿಗೆ ಮರುಳಾಗಬೇಡಿ. ತೊಗರಿಗೆ ಹೊಡೆದ ಔಷಧಿಯ ಡಬ್ಬಿ ಮಾತ್ರ ಬೇಡವೇ ಬೇಡ.

ಎಲ್ಲರೂ ಎಡವುವುದು ಮೂರನೆಯದರಲ್ಲಿ: ಪಿವಿಸಿ ಆರಿಸುವುದು. ಪಿವಿಸಿಯಲ್ಲಿ ಕ್ಲೋರಿನ್ ಇರುತ್ತದೆ. ಅದು ಕಿಲ್ನ್‌ನ ಬಿಸಿಗೆ ಪೊಟ್ಯಾಸಿಯಂ, ಸೋಡಿಯಂ ಜೊತೆ ಕೂಡಿ ಆವಿಯಾಗಿ ಮೇಲೇರುತ್ತದೆ. ಪ್ರಿಹೀಟರ್‌ನಲ್ಲಿ (ಕಲ್ಲಿನ ಪುಡಿಯನ್ನು ಮೊದಲೇ ಬಿಸಿಮಾಡುವ ಗೋಪುರ) ತಣ್ಣಗಾಗಿ ಗೋಡೆಗೆ ಅಂಟಿ, ಗಟ್ಟಿಯಾಗಿ ದಾರಿ ಕಟ್ಟುತ್ತದೆ. ಕಿಲ್ನ್ ನಿಲ್ಲಿಸಿಯೇ ಕೀಳಬೇಕು. ಗೇಟಿನವರ ಸಿಟ್ಟಿಗೆ ಅರ್ಥವಿದೆ.

ಹಳ್ಳಿಯಲ್ಲಿ ಪಿವಿಸಿ ಎಂದರೆ ಬೋರಿನ ಪೈಪಿನ ತುಂಡು, ಕರೆಂಟ್ ವೈರಿನ ಸಿಪ್ಪೆ, ರೆಕ್ಸಿನ್, ಎಲ್ಲಕ್ಕಿಂತ ಹೆಚ್ಚಾಗಿ ಜಾತ್ರೆ, ಹುಟ್ಟುಹಬ್ಬದ ಫ್ಲೆಕ್ಸ್. ಹರಿದರೆ ಒಳಗೆ ದಾರದ ಜಾಳಿಗೆ ಕಾಣುತ್ತದೆ. ಅಕ್ಕಿ ಚೀಲದಲ್ಲೂ ನೇಯ್ಗೆ ಇದೆಯಲ್ಲ ಎಂದು ಗೊಂದಲವಾದರೆ ಒಂದು ಚೂರು ಕತ್ತರಿಸಿ, ಬಕೆಟ್ ನೀರಿನಲ್ಲಿ ಅದ್ದಿ, ಅಂಟಿದ ಗುಳ್ಳೆ ಒರೆಸಿ ಬಿಡಿ. ಅಕ್ಕಿ ಚೀಲ ತೇಲುತ್ತದೆ, ಫ್ಲೆಕ್ಸ್ ಮುಳುಗುತ್ತದೆ. ಮುಳುಗಿದ್ದೆಲ್ಲ ಪಿವಿಸಿಯಲ್ಲ, ಬಾಟಲಿ ಚೂರೂ ಮುಳುಗುತ್ತದೆ. ಆದರೂ ಅನುಮಾನ ಬಂದದ್ದನ್ನು ತೆಗೆದಿಡಿ. ಚೂರನ್ನಷ್ಟೇ ಅದ್ದಿ, ರಾಶಿಯನ್ನಲ್ಲ! “ಸುಟ್ಟು ವಾಸನೆ ನೋಡ್ರಿ” ಎನ್ನುವವರ ಮಾತು ಕೇಳಬೇಡಿ. ಪಿವಿಸಿ ಹೊಗೆಯಲ್ಲಿ ಆ್ಯಸಿಡ್ ಇರುತ್ತದೆ.

ಈ ಕೆಲಸಕ್ಕೆ ಇಬ್ಬರನ್ನೇ ಕೂರಿಸಿ. ಹತ್ತು ಜನ ಸೇರಿದರೆ ಮಾತು ಜಾಸ್ತಿ, ಫ್ಲೆಕ್ಸ್ ಒಳಗೇ ಉಳಿಯುತ್ತದೆ.

ಆಮೇಲೆ ಕಸಕ್ಕೆ ಅಂಟಿದ ಎರೆಮಣ್ಣು ಜಾಡಿಸಿ, ಕಸ ಒಣಗಿಸಿ. ತೊಗರಿ ರಾಶಿ ಮುಗಿದ ಮೇಲೆ ಯುಗಾದಿ ಆಚೀಚೆ ಕಳಿಸುವುದು ಲೇಸು. ಮಳೆಗಾಲದ ಸರಕು ಬೇಡ. ಒಂದು ಹಿಡಿ ಕಸವನ್ನು ಪಾರದರ್ಶಕ ಚೀಲದಲ್ಲಿ ಕಟ್ಟಿ ಅರ್ಧ ತಾಸು ಬಿಸಿಲಿಗಿಡಿ. ಒಳಗೆ ಬೆವರಿದರೆ ಇನ್ನೆರಡು ದಿನ ಹರವಿ.

ತುಂಬಲು ಖಾಲಿ ಯೂರಿಯಾ ಚೀಲ ಸಾಕು. ಬೈಂಡಿಂಗ್ ವೈರ್ ಕಟ್ಟಿದರೆ ಕತ್ತರಿಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಸುತಳಿ ಬಳಸಿ. ತೂಕದ ಚೀಟಿಯಲ್ಲಿ ತೇವಾಂಶ ಎಷ್ಟೆಂದು ಬರೆಸಿಕೊಂಡೇ ಗೇಟು ಬಿಡಿ. ಮುಂದಿನ ಗಾಡಿ ಎಷ್ಟು ಒಣಗಿಸಬೇಕೆಂದು ಅದೇ ಹೇಳುತ್ತದೆ.