ಮಂಚದಡಿ ಸೇರಿದ ಬೆಕ್ಕನ್ನು ಎಳೆಯಬೇಡಿ

ದತ್ತು ತಂದ ಬೆಕ್ಕನ್ನು ವಾರದೊಳಗೆ ವಾಪಸ್ ಕೊಡುವವರು ಹೇಳುವ ಕಾರಣ ಹೆಚ್ಚುಕಡಿಮೆ ಒಂದೇ: ‘ಅದು ನಮ್ಮ ಹತ್ರ ಬರೋದೇ ಇಲ್ಲ, ಮಂಚದ ಕೆಳಗೇ ಇರತ್ತೆ.’ ಬೀದಿಯಲ್ಲಿ ಬದುಕಿ, ಯಾರದೋ ಕೈಗೆ ಸಿಕ್ಕಿ, ಬುಟ್ಟಿಯಲ್ಲಿ ಕೂತು ಬೆಂಗಳೂರಿನಿಂದ ತುಮಕೂರಿಗೆ 70 ಕಿಲೋಮೀಟರ್ ಬಂದ ಪ್ರಾಣಿ ಮಂಚದ ಕೆಳಗಲ್ಲದೆ ಇನ್ನೆಲ್ಲಿಗೆ ಹೋದೀತು? ರಕ್ಷಣಾ ಕೇಂದ್ರದಿಂದ ತನ್ನಿ, ಪಕ್ಕದ ಬೀದಿಯಲ್ಲಿ ಆರೈಕೆ ಮಾಡಿದವರಿಂದ ತನ್ನಿ, ಮೊದಲ ಎರಡು ವಾರ ಸರಿಹೋದರೆ ಉಳಿದದ್ದು ತಾನಾಗಿಯೇ ಸರಿಹೋಗುತ್ತದೆ. ಎಡವುವುದೂ ಅಲ್ಲೇ.

ಒಂದು: ಯಾವ ಬೆಕ್ಕು?

ಮೊದಲ ಸಲ ಸಾಕುವವರು ಒಂದೆರಡು ವರ್ಷದ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವ ಬೆಕ್ಕನ್ನೇ ಆರಿಸಿಕೊಳ್ಳಿ. ಅದರ ಸ್ವಭಾವ ಆಗಲೇ ಗೊತ್ತಿರುತ್ತದೆ. ಮರಿಯೇ ಬೇಕೆಂದು ಮಕ್ಕಳು ಹಟ ಹಿಡಿದರೆ ಒಂದಲ್ಲ, ಒಂದೇ ಸೂಲಿನ ಎರಡು ಮರಿ ತನ್ನಿ. ಒಂಟಿ ಮರಿಗೆ ಕಚ್ಚಾಡಲು ಸಿಗುವುದು ನಿಮ್ಮ ಕಾಲು ಮಾತ್ರ. 8 ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಿ ತರಬಾರದು. ‘ಎರಡು ತಿಂಗಳಾಗಿದೆ’ ಎಂಬ ಮಾತನ್ನು ನಂಬುವ ಮೊದಲು ತೂಕ ಹಾಕಿಸಿ. ಎರಡು ತಿಂಗಳ ಮರಿ ಸುಮಾರು 900 ಗ್ರಾಂ ತೂಗಬೇಕು.

ಕಿವಿಯೊಳಗೆ ಕಾಫಿ ಗಸಿಯಂಥ ಕಪ್ಪು ಕೊಳೆ ಇದ್ದರೆ ಕಿವಿನುಸಿ. ಕೂದಲು ಉದುರಿ ದುಂಡಗಿನ ಬೋಳು ಕಲೆ ಇದ್ದರೆ ಗಜಕರ್ಣ, ಅದು ಮಕ್ಕಳಿಗೂ ಅಂಟುತ್ತದೆ. ಎರಡೂ ವಾಸಿಯಾಗುವ ತೊಂದರೆಗಳು. ಗೊತ್ತಿದ್ದು ತರಬೇಕು, ಅಷ್ಟೇ.

ಎರಡು: ತರುವ ಮುನ್ನ

ಒಂದು ಕೋಣೆ ಸಿದ್ಧ ಮಾಡಿ. ಇಡೀ ಮನೆಯಲ್ಲ, ಒಂದೇ ಕೋಣೆ. ಅಡುಗೆಮನೆ ಬೇಡ, ಬಚ್ಚಲು ಬೇಡ. ಮಲಗುವ ಕೋಣೆ ಸಾಕು, ಆದರೆ ಬೀರುವಿನ ಹಿಂದಿನ ಸಂದು ಮತ್ತು ಸಜ್ಜೆಗೆ ಹತ್ತುವ ದಾರಿಯನ್ನು ಮೊದಲೇ ಮುಚ್ಚಿ. ನಿಮ್ಮ ಕೈಗೆ ಎಟುಕದ ಜಾಗ ಅದಕ್ಕೂ ಎಟುಕಬಾರದು. ಬದಲಿಗೆ ಒಂದು ರಟ್ಟಿನ ಡಬ್ಬವನ್ನು ಮಗ್ಗುಲಾಗಿ ಮಲಗಿಸಿ, ಹಳೆ ಸೀರೆ ಹಾಸಿಡಿ.

ಕಿಟಕಿ ಸರಳುಗಳ ನಡುವೆ ನಾಲ್ಕು ಇಂಚು ಅಂತರವಿದ್ದರೆ ದೊಡ್ಡ ಬೆಕ್ಕೂ ಸಲೀಸಾಗಿ ನುಸುಳುತ್ತದೆ. ಸೊಳ್ಳೆಗೆಂದು ಅಂಟಿಸುವ ನೈಲಾನ್ ಪರದೆಯನ್ನು ನಂಬಬೇಡಿ, ಒಂದೇ ರಾತ್ರಿಯಲ್ಲಿ ಸಿಗಿದು ಹಾಕುತ್ತದೆ. ಒಂದು ಇಂಚು ಕಣ್ಣಿನ ಕಬ್ಬಿಣದ ಜಾಲರಿಯನ್ನು ಅಳತೆಗೆ ಕತ್ತರಿಸಿ ಸರಳಿಗೆ ತಂತಿಯಿಂದ ಕಟ್ಟಿ. ಹೊರಗೆ ಸಂಪಿನ ಮುಚ್ಚಳ ಸರಿಯಾಗಿ ಕೂರುತ್ತದೆಯೇ ನೋಡಿ. ಒಳಗೆ ಬಿದ್ದ ಬೆಕ್ಕಿಗೆ ನುಣುಪು ಗೋಡೆ ಹತ್ತಿ ಬರಲಾಗದು.

ಮಲದ ತಟ್ಟೆ ಎಂದು ಅಂಗಡಿಯವರು ಕೊಡುವ ಪುಟ್ಟ ಬಣ್ಣದ ಟ್ರೇ ದೊಡ್ಡ ಬೆಕ್ಕಿಗೆ ಸಾಲದು. 60 ಸೆಂಟಿಮೀಟರ್ ಉದ್ದ, 40 ಅಗಲದ ಪ್ಲಾಸ್ಟಿಕ್ ಟಬ್ ತನ್ನಿ. ಒಳಗೆ 5ರಿಂದ 7 ಸೆಂಟಿಮೀಟರ್ ದಪ್ಪ ಮರಳು. ಒದ್ದೆಯಾದಾಗ ಗಟ್ಟಿಯಾಗಿ ಉಂಡೆ ಕಟ್ಟುವ ಬೆಂಟೊನೈಟ್ ಜೇಡಿಯ ಮರಳು ದೊಡ್ಡ ಬೆಕ್ಕಿಗೆ ಒಳ್ಳೆಯದು. ಎಳೆ ಮರಿಗೆ ಬೇಡ, ಅದು ಬಾಯಿಗೆ ಹಾಕಿಕೊಳ್ಳುತ್ತದೆ, ಹೊಟ್ಟೆಯಲ್ಲೂ ಉಂಡೆ ಕಟ್ಟುತ್ತದೆ. ಲ್ಯಾವೆಂಡರ್, ನಿಂಬೆ ಎಂದು ಘಮಘಮಿಸುವ ಮರಳು ನಿಮ್ಮ ಮೂಗಿಗಾಗಿ ಮಾಡಿದ್ದು. ಅನೇಕ ಬೆಕ್ಕುಗಳು ಅದರೊಳಗೆ ಕಾಲಿಡುವುದಿಲ್ಲ. ಖರ್ಚು ಉಳಿಸಬೇಕೆಂದರೆ ನಮ್ಮ ತುಮಕೂರು ಜಿಲ್ಲೆಯಲ್ಲಿ ತೆಂಗಿನ ನಾರಿನ ಪುಡಿಗೆ ಬರವಿಲ್ಲ. ಅದು ಉಂಡೆ ಕಟ್ಟುವುದಿಲ್ಲ, ಕಾಲಿಗಂಟಿ ಮನೆಯೆಲ್ಲ ಹರಡುತ್ತದೆ, ಮೂರ್ನಾಲ್ಕು ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಆದರೂ ವಾಸನೆ ಚೆನ್ನಾಗಿ ಹೀರುತ್ತದೆ. ಟಬ್ ಒಂದು ಮೂಲೆಗೆ, ಊಟ-ನೀರು ಎದುರು ಮೂಲೆಗೆ. ಪಾಯಿಖಾನೆಯ ಪಕ್ಕ ಎಲೆ ಹಾಕಿದರೆ ನೀವು ಉಣ್ಣುತ್ತೀರಾ?

ಮೂರು: ತರುವ ದಿನ

ಗಟ್ಟಿ ಪ್ಲಾಸ್ಟಿಕ್ ಬುಟ್ಟಿಯೇ ಬೇಕು. ಗೋಣಿಚೀಲ, ತರಕಾರಿ ಚೀಲ, ‘ತೊಡೆ ಮೇಲೆ ಕೂರಿಸ್ಕೊಂಡು ಬರ್ತೀವಿ ಬಿಡಿ’ ಯಾವುದೂ ಬೇಡ. ಹೊರಡುವ ಮೂರ್ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಿ, ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ. ಅದು ಮಲಗುತ್ತಿದ್ದ ಬಟ್ಟೆಯೊಂದನ್ನು, ಒಗೆಯದೆ, ಕೇಳಿ ತನ್ನಿ. ದೀಪಾವಳಿಯ ವಾರ, ಬೀದಿಯಲ್ಲಿ ಗಣೇಶ ಕೂರಿಸಿ ಸ್ಪೀಕರ್ ಹಾಕಿರುವ ವಾರ ತರುವುದೇ ಬೇಡ.

ನಾಲ್ಕು: ಆ ಒಂದು ಕೋಣೆ

ಕೋಣೆಯ ಬಾಗಿಲು ಹಾಕಿ. ಬುಟ್ಟಿಯನ್ನು ನೆಲಕ್ಕಿಟ್ಟು ಅದರ ಬಾಗಿಲು ತೆಗೆದು, ಹೊರಗೆ ನಡೆಯಿರಿ. ಬುಟ್ಟಿಯನ್ನು ಓರೆ ಮಾಡಿ ಸುರಿಯುವುದು, ಕೈ ಹಾಕಿ ಎಳೆಯುವುದು ಬೇಡ. ಅದು ಹತ್ತು ನಿಮಿಷಕ್ಕೆ ಬರಬಹುದು, ರಾತ್ರಿ ಎರಡಕ್ಕೆ ಬರಬಹುದು. ಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸುವ ಕಾರ್ಯಕ್ರಮ ಎರಡು ವಾರ ಮುಂದಕ್ಕೆ ಹೋಗಲಿ. ಸ್ನಾನ ಮಾಡಿಸುವ ಮಾತು ಎತ್ತಲೇಬೇಡಿ. ಬಂದ ದಿನವೇ ಬಕೆಟ್‌ನಲ್ಲಿ ಮುಳುಗಿಸಿಕೊಂಡ ಬೆಕ್ಕು ನಿಮ್ಮ ಕೈಯ ವಾಸನೆಯನ್ನು ತಿಂಗಳುಗಟ್ಟಲೆ ಮರೆಯುವುದಿಲ್ಲ. ಮೈ ಕೊಳೆಯಾಗಿದ್ದರೆ ಒದ್ದೆ ಬಟ್ಟೆ ಸಾಕು, ಅದೂ ನಾಲ್ಕೈದು ದಿನ ಬಿಟ್ಟು.

ಮೊದಲ ರಾತ್ರಿ ಅದು ಕೂಗುತ್ತದೆ. ಪಾಪ ಎಂದು ಬಾಗಿಲು ತೆಗೆದರೆ, ‘ಕೂಗಿದರೆ ಬಾಗಿಲು ತೆಗೆಯುತ್ತಾರೆ’ ಎಂದು ಕಲಿತುಕೊಳ್ಳುತ್ತದೆ, ಮುಂದಿನ ಹತ್ತು ವರ್ಷ ನಿಮಗೆ ನಿದ್ದೆ ಇಲ್ಲ.

ಮಾರನೇ ದಿನದಿಂದ ದಿನಕ್ಕೆ ಮೂರು ಸಲ, ಇಪ್ಪತ್ತು ನಿಮಿಷ, ಒಬ್ಬರೇ ಹೋಗಿ ನೆಲದ ಮೇಲೆ ಕೂರಿ. ಮಂಚದ ಮೇಲಲ್ಲ, ಕೆಳಗಿರುವ ಬೆಕ್ಕಿಗೆ ಮೇಲಿನಿಂದ ಇಳಿಬಿದ್ದ ಕಾಲು ಕಂಡರೆ ಭಯ. ಬೆಕ್ಕಿಗೆ ಎದುರಾಗದಂತೆ ನಿಮ್ಮ ಮೈಯನ್ನು ಪಕ್ಕಕ್ಕೆ ತಿರುಗಿಸಿ, ಪೇಪರನ್ನು ಮೆಲ್ಲಗೆ ಓದುತ್ತಿರಿ. ದಿಟ್ಟಿಸಿ ನೋಡಬೇಡಿ, ಬೆಕ್ಕಿನ ಲೆಕ್ಕದಲ್ಲಿ ಅದು ಜಗಳಕ್ಕೆ ಕರೆದಂತೆ. ಕಣ್ಣು ಸೇರಿದಾಗ ನಿಧಾನವಾಗಿ ರೆಪ್ಪೆ ಮುಚ್ಚಿ, ನಿಧಾನವಾಗಿ ತೆಗೆಯಿರಿ. ಅದೂ ಹಾಗೇ ಮಾಡಿತೆಂದರೆ ಅರ್ಧ ಕೆಲಸ ಆಯಿತು. ಅದಾಗಿಯೇ ಹತ್ತಿರ ಬಂದ ಮೇಲೆ ತೋರುಬೆರಳನ್ನು ಅದರ ಮೂಗಿನ ಎತ್ತರಕ್ಕೆ ಹಿಡಿಯಿರಿ, ಮುಂದಕ್ಕೆ ಚಾಚಬೇಡಿ. ಮೂಸಿ, ಕೆನ್ನೆಯನ್ನು ಬೆರಳಿಗೆ ಉಜ್ಜಿದರೆ ಕೆನ್ನೆ ಸವರಿ, ಮೂರು ಎಣಿಸುವಷ್ಟರಲ್ಲಿ ಕೈ ಹಿಂದೆ ತೆಗೆಯಿರಿ. ಇನ್ನೂ ಬೇಕೆಂದರೆ ಅದೇ ಮುಂದೆ ಬರುತ್ತದೆ. ಹೊಟ್ಟೆ ತೋರಿಸಿ ಮಲಗಿದ್ದು ಹೊಟ್ಟೆ ಮುಟ್ಟಲು ಕೊಟ್ಟ ಆಹ್ವಾನವಲ್ಲ. ಬಾಲದ ತುದಿ ಪಟಪಟನೆ ಬಡಿಯತೊಡಗಿದರೆ, ಕಿವಿ ಹಿಂದಕ್ಕೆ ಒರಗಿದರೆ ಎದ್ದು ಬನ್ನಿ.

ಈ ದಿನಗಳಲ್ಲಿ ಅದು ಕಾಣಿಸದಿದ್ದರೂ ಎರಡು ಲೆಕ್ಕ ಇಡಲೇಬೇಕು: ಊಟದ ತಟ್ಟೆಯಲ್ಲಿ ಎಷ್ಟು ಖಾಲಿಯಾಯಿತು, ಮರಳಿನಲ್ಲಿ ಎಷ್ಟು ಒದ್ದೆ ಉಂಡೆ ಬಿತ್ತು. ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಡ. ಬೇಯಿಸಿದ ಕೋಳಿಯನ್ನು ಬೆಚ್ಚಗೆ ಮಾಡಿಟ್ಟು ವಾಸನೆ ಹಬ್ಬಿಸಿ. 48 ಗಂಟೆ ಏನೂ ಮುಟ್ಟದಿದ್ದರೆ ವೈದ್ಯರಲ್ಲಿಗೆ ಹೊರಡಿ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಬರುತ್ತದೆ. ಗಂಡು ಬೆಕ್ಕು ಟಬ್‌ನಲ್ಲಿ ಮತ್ತೆ ಮತ್ತೆ ಕೂತು ತಿಣುಕಿ, ಮೂತ್ರ ಬಾರದೆ ಎದ್ದರೆ ಅದು ಮಲಬದ್ಧತೆ ಅಲ್ಲ, ಮೂತ್ರನಾಳ ಕಟ್ಟಿದೆ. ಬೆಳಗಾಗಲೆಂದು ಕಾಯುವ ಹಾಗಿಲ್ಲ.

ಬಾಲವನ್ನು ನೆಟ್ಟಗೆ ನಿಲ್ಲಿಸಿಕೊಂಡು ಬಾಗಿಲಿಗೆ ಬಂದು ನಿಮ್ಮನ್ನು ಎದುರುಗೊಂಡ ದಿನ ಎರಡನೇ ಕೋಣೆ ತೆರೆಯಿರಿ. ಕೆಲವಕ್ಕೆ ಇದು ಮೂರನೇ ದಿನ, ಕೆಲವಕ್ಕೆ ಮೂರನೇ ವಾರ. ಮನೆಯಲ್ಲಿ ಆಗಲೇ ಬೆಕ್ಕೋ ನಾಯಿಯೋ ಇದ್ದರೆ ಮೊದಲು ಹಾಸುಬಟ್ಟೆ ಅದಲುಬದಲು ಮಾಡಿ, ಆಮೇಲೆ ಮುಚ್ಚಿದ ಬಾಗಿಲಿನ ಆಚೆ ಒಂದಕ್ಕೆ ಈಚೆ ಒಂದಕ್ಕೆ ಊಟ ಇಡಿ. ಗುರ್ರೆನ್ನದೆ ಉಣ್ಣತೊಡಗಿದ ಮೇಲೆ ಮುಖಾಮುಖಿ.

ಐದು: ಊಟ

‘ಬೆಕ್ಕಿಗೊಂದು ಲೋಟ ಹಾಲಿಡ್ರೋ’ ಎಂದು ಅಜ್ಜಿ ಹೇಳದ ಮನೆಯಿಲ್ಲ. ಮರಿತನ ಕಳೆದ ಬೆಕ್ಕಿಗೆ ಹಾಲಿನ ಸಕ್ಕರೆ ಅರಗುವುದು ಕಷ್ಟ. ಭೇದಿಯಾಗಿ ಟಬ್ ಬಿಟ್ಟು ಬೇರೆಡೆ ಹೋಗುವುದಕ್ಕೆ ಎಷ್ಟೋ ಸಲ ಈ ಲೋಟವೇ ಕಾರಣ. ಅನ್ನ-ಮೊಸರಿನಿಂದ ಹೊಟ್ಟೆ ತುಂಬೀತು, ಕಣ್ಣು-ಹೃದಯಕ್ಕೆ ಬೇಕಾದ ಟಾರಿನ್ ಸಿಗದು. ಅದು ಮಾಂಸದಲ್ಲೇ ಇರುವುದು, ನಾಯಿ ಆಹಾರದಲ್ಲಿ ಬೆಕ್ಕಿಗೆ ಬೇಕಾದಷ್ಟು ಇರುವುದಿಲ್ಲ. ಮನೆಗೆ ಮಾಂಸ ತರದವರು ಬೆಕ್ಕಿನ ಒಣ ಆಹಾರದ ಪ್ಯಾಕೆಟ್ ತರುವುದಕ್ಕಾದರೂ ಒಪ್ಪಬೇಕು, ಇಲ್ಲವಾದರೆ ಮೊಲ ಸಾಕಿ. 4 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ 50ರಿಂದ 60 ಗ್ರಾಂ, ಎರಡು ಹೊತ್ತು. ಹಿಂದಿನ ಮನೆಯ ಆಹಾರದಿಂದ ಹೊಸದಕ್ಕೆ ಒಂದು ವಾರ ಬೆರೆಸಿ ಬೆರೆಸಿ ಬದಲಿಸಿ. ಈರುಳ್ಳಿ-ಬೆಳ್ಳುಳ್ಳಿ ಬಿದ್ದ ಸಾರು, ಬೆಂದ ಮೂಳೆ ಬೇಡ.

ಆರು: ಮನೆಯಲ್ಲಿರುವ ವಿಷ

ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಫಿನೈಲ್, ಡೆಟಾಲ್ ಥರದ ದ್ರವಗಳಿಂದ ನೆಲ ಒರೆಸುವುದು ಬಿಡಿ. ಅದು ಅಂಗಾಲಿಗೆ ಅಂಟುತ್ತದೆ, ಬೆಕ್ಕು ನೆಕ್ಕುತ್ತದೆ, ಅದರ ಯಕೃತ್ತಿಗೆ ಅರಗಿಸಲಾಗದು. ಹಾಸಿಗೆಯ ಮೇಲೆ ಮೂತ್ರ ಮಾಡಿದ್ದರೆ ವಿನಿಗರ್‌ಗೆ ಸಮ ನೀರು ಬೆರೆಸಿ ಒರೆಸಿ, ಬಿಸಿಲಿಗೆ ಹಾಕಿ. ಬೈದು ಮೂಗು ಉಜ್ಜಬೇಡಿ. ಟಬ್ ಗಲೀಜಾಗಿದೆ, ಇಲ್ಲವೇ ಮೂತ್ರ ಉರಿಯುತ್ತಿದೆ. ಜ್ವರವೆಂದು ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆಗೆ ಬೆಕ್ಕು ಸಾಯುತ್ತದೆ. ನಾಯಿಗೆ ಹಚ್ಚುವ ಉಣ್ಣಿ-ಚಿಗಟದ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೂ ಅದೇ ಗತಿ. ‘ನಾಯಿ, ಬೆಕ್ಕು ಎರಡಕ್ಕೂ ಆಗತ್ತೆ’ ಎನ್ನುವ ಅಂಗಡಿಯವರ ಮಾತಿಗಿಂತ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಮೇಲು. ಇನ್ನು ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಗಾದೆಗೆ ಉತ್ತರ: ಯಾರೂ ಕಟ್ಟಬೇಡಿ. ಎಳೆದರೆ ಬಿಚ್ಚಿಕೊಳ್ಳದ ಪಟ್ಟಿ ಕಿಟಕಿಯ ಸರಳಿಗೆ ಸಿಕ್ಕಿ ಕುಣಿಕೆಯಾಗುತ್ತದೆ.

ಏಳು: ಲಸಿಕೆ, ಶಸ್ತ್ರಚಿಕಿತ್ಸೆ

ಬೆಕ್ಕಿನ ಮೂರು ವೈರಸ್ ರೋಗಗಳನ್ನು ತಡೆಯುವ ಟ್ರೈಕ್ಯಾಟ್ ಲಸಿಕೆ 8 ವಾರಕ್ಕೆ ಶುರು, 16 ವಾರವಾಗುವ ತನಕ ಮೂರ್ನಾಲ್ಕು ವಾರಕ್ಕೊಮ್ಮೆ. ರೇಬೀಸ್ ಲಸಿಕೆ 3 ತಿಂಗಳು ತುಂಬಿದ ಮೇಲೆ, ಆಮೇಲೆ ವರ್ಷಕ್ಕೊಮ್ಮೆ. ಜಂತುಹುಳದ ಔಷಧಿಯನ್ನು ತೂಕ ನೋಡಿಯೇ ಹಾಕಿಸಿ. ಹೆಣ್ಣು ಬೆಕ್ಕು 4 ತಿಂಗಳಿಗೇ ಬೆದೆಗೆ ಬರಬಹುದು, ಗರ್ಭ ಕಟ್ಟಿ 9 ವಾರಕ್ಕೆ ಮರಿ ಹಾಕುತ್ತದೆ. ‘ಒಂದು ಸೂಲು ಆಗಲಿ’ ಎನ್ನುತ್ತ ಶಸ್ತ್ರಚಿಕಿತ್ಸೆ ಮುಂದೂಡಿ ಕೂರಬೇಡಿ. ಕಚ್ಚಿದರೆ, ಪರಚಿ ರಕ್ತ ಬಂದರೆ ಅರಿಸಿನ, ಸುಣ್ಣ ಮೆತ್ತದೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಎಂಟು: ಬಾಗಿಲು ದಾಟಿದರೆ

ಹೊರಗೆ ಬಿಟ್ಟು ಸಾಕುವುದು ಬೇಡ. ಬೀದಿಯಲ್ಲಿ ನಾಯಿಗಳಿವೆ, ಬೈಕ್‌ಗಳಿವೆ. ಆದರೂ ಹಾಲಿನವನು ಬಂದಾಗ ಕಾಲಸಂದಿಯಲ್ಲಿ ತಪ್ಪಿಸಿಕೊಂಡಿತು ಎನ್ನಿ. ಹೊಸ ಬೆಕ್ಕು ಸಾಮಾನ್ಯವಾಗಿ ದೂರ ಓಡುವುದಿಲ್ಲ, ಮೂರ್ನಾಲ್ಕು ಮನೆಯೊಳಗೇ ಅಡಗಿರುತ್ತದೆ. ಹಗಲು ಹೆಸರು ಹಿಡಿದು ಕೂಗಾಡಿದರೆ ಇನ್ನಷ್ಟು ಒಳಸೇರುತ್ತದೆ. ರಾತ್ರಿ ಹನ್ನೊಂದರ ಮೇಲೆ, ಬೀದಿ ಅಡಗಿದ ಬಳಿಕ, ಒಬ್ಬರೇ ಟಾರ್ಚ್ ಹಿಡಿದು ಹೋಗಿ. ನೀರಿನ ಟ್ಯಾಂಕಿನ ಬುಡ, ಸೌದೆ ರಾಶಿ, ನಿಲ್ಲಿಸಿದ ಕಾರಿನ ಅಡಿ ಬೆಳಕು ಬಿಡಿ. ಎರಡು ಕಣ್ಣು ಹೊಳೆದರೆ ಅಟ್ಟಿಸಿಕೊಂಡು ಹೋಗದೆ ಅಲ್ಲೇ ನೆಲಕ್ಕೆ ಕೂತು, ಬುಟ್ಟಿಯ ಬಾಗಿಲು ತೆಗೆದಿಟ್ಟು, ಆಹಾರದ ಡಬ್ಬಿ ಅಲ್ಲಾಡಿಸಿ.