ಓಲ್ಗಾ ಅಲ್ಲ, ಓಲ್ಹಾ: ಒಂದು ಹೆಸರಿನ ಜಾಡು ಹಿಡಿದು

ಕೀವ್ ನಗರದ ಹಳೆಯ ಕಾಲದ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೆ. 945ರಲ್ಲಿ ಗಂಡ ಕೊಲೆಯಾದ ಮೇಲೆ ಎಳೆಯ ಮಗನ ಪರವಾಗಿ ರಾಜ್ಯ ಆಳಿದವಳ ಹೆಸರು ಬಂತು. ರಷ್ಯನ್ ಕಥೆಗಳನ್ನು ಓದಿ ಬೆಳೆದ ಕೈ, ಸುಮ್ನೆ ‘ಓಲ್ಗಾ’ ಅಂತ ಬರೆಯಿತು. ಆದರೆ ಉಕ್ರೇನಿನವರು ಆ ಹೆಸರನ್ನು ಹೇಳುವುದನ್ನು ಕೇಳಿದಾಗ ಕಿವಿಗೆ ಬಿದ್ದದ್ದು ‘ಓಲ್ಹಾ’. ಎರಡೂ ಭಾಷೆಯಲ್ಲಿ ಬರೆಯುವ ಅಕ್ಷರ ಒಂದೇ. ರಷ್ಯನ್ನರು ಅದನ್ನು ಗ ಅಂತ ಓದುತ್ತಾರೆ, ಉಕ್ರೇನಿನವರು ಹ ಅಂತ.

ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ‘ಪವಿತ್ರಳು’ ಅಂತ ಅರ್ಥವೇನೋ ಸಿಕ್ಕಿತು. ಯಾಕೆ ಅಂತ ಸಿಗಲಿಲ್ಲ. ಹಾಗಾಗಿ ಅವಳನ್ನು ಕಣ್ಣಾರೆ ಕಂಡವರು ಹೆಸರನ್ನು ಹೇಗೆ ಬರೆದರು ಅಂತ ಹುಡುಕಿದೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅವಳನ್ನು ಬರಮಾಡಿಕೊಂಡವನು ಬೈಜಾಂಟೈನ್ ಚಕ್ರವರ್ತಿ 7ನೇ ಕಾನ್‌ಸ್ಟಂಟೈನ್. ಅವನ ಆಸ್ಥಾನದ ವಿಧಿಗಳ ಗ್ರೀಕ್ ಪುಸ್ತಕದಲ್ಲಿ ಅವಳು ‘ಎಲ್ಗಾ’. ಮೊದಲ ಅಕ್ಷರ ಓ ಅಲ್ಲ, ಎ! ಅಲ್ಲಿಂದ ದಾರಿ ತೆರೆಯಿತು. ಸ್ಕ್ಯಾಂಡಿನೇವಿಯಾದ ‘ಹೆಲ್ಗಾ’ ಇದು, ಪವಿತ್ರಳು ಅನ್ನುವ ಅರ್ಥದ್ದು. ಗಂಡನ ಹೆಸರೂ ಅಲ್ಲಿಯದೇ, ಇಂಗ್ವಾರ್. ಅದೇ ಕಾಲದ ಇಟಲಿಯ ಇತಿಹಾಸಕಾರ ಲಿಯುಟ್‌ಪ್ರಾಂಡ್ ಅವನನ್ನು ‘ಇಂಗೆರ್’ ಅಂತ ಬರೆದಿದ್ದಾನೆ. ಉಕ್ರೇನಿಯನ್ನಿನಲ್ಲಿ ಈಗ ಅವನು ಈಹೊರ್. ಮಗನಿಗೆ ಮಾತ್ರ ಅಚ್ಚ ಸ್ಲಾವ್ ಹೆಸರು, ಸ್ವ್ಯಾತೊಸ್ಲಾವ್. ಒಂದೇ ತಲೆಮಾರಿನಲ್ಲಿ ಮನೆತನದ ಹೆಸರುಗಳು ಊರಿನ ಮಾತಿಗೆ ತಿರುಗಿದವು.

ಎ ಯಾಕೆ ಓ ಆಯಿತು? ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ. ಉಕ್ರೇನಿಯನ್, ರಷ್ಯನ್ ಮೊದಲಾದ ಪೂರ್ವ ಸ್ಲಾವ್ ಭಾಷೆಗಳಲ್ಲಿ ಶಬ್ದದ ಮೊದಲಿನ ಎ ಹಲವು ಕಡೆ ಒ ಆಗಿದೆ. ದಕ್ಷಿಣ ಸ್ಲಾವರ ‘ಯೆಜೆರೊ’, ಅಂದರೆ ಕೆರೆ, ಉಕ್ರೇನಿನಲ್ಲಿ ‘ಓಜೆರೊ’. ಇನ್ನೂ ಚೆಂದದ್ದು ನೋಡಿ: ಕ್ರೈಸ್ತ ದೀಕ್ಷೆಯಲ್ಲಿ ಇವಳು ಪಡೆದ ಹೆಸರು ಹೆಲೆನಾ, ಆ ಚಕ್ರವರ್ತಿಯ ಹೆಂಡತಿಯದೇ ಹೆಸರು. ಅದು ಅಲ್ಲಿ ‘ಒಲೆನಾ’ ಆಯಿತು. ಹೆಲ್ಗಾ ಓಲ್ಹಾ ಆದಳು, ಹೆಲೆನಾ ಒಲೆನಾ ಆದಳು. ಒಬ್ಬಳದೇ ಎರಡು ಹೆಸರು, ಎರಡೂ ಒಂದೇ ದಾರಿ ಹಿಡಿದವು!

ಗ ಹ ಆದದ್ದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲು ಆಗಿದೆ ಅಲ್ವಾ, ಅಂಥದ್ದೇ ಒಂದು ಬದಲಾವಣೆ.

ದೀಕ್ಷೆಗೆ ಬೇರೆ ಹೆಸರು ಬೇಕಾಗಿದ್ದವಳು ಮುಂದೆ ಸಂತಳಾದಳು. ಆಮೇಲೆ ಓಲ್ಹಾ ಅನ್ನುವುದೇ ಚರ್ಚಿನ ಹೆಸರಾಯಿತು, ಮನೆಮನೆಗೂ ಹೋಯಿತು. ಮುದ್ದಿಗೆ ಓಲ್ಯಾ ಅನ್ನುತ್ತಾರೆ.

ಲೇಖನಕ್ಕೆ ವಾಪಸ್ ಬಂದು ಗ ಇದ್ದ ಕಡೆಯೆಲ್ಲ ಹ ಹಾಕಿದೆ. ಈಗೊರ್‌ನನ್ನೂ ಈಹೊರ್ ಮಾಡಿದೆ. ಗ್ರೀಕ್ ಪುಸ್ತಕದ ‘ಎಲ್ಗಾ’ ಮಾತ್ರ ಇದ್ದ ಹಾಗೇ ಇದೆ.