ಎಣಿಸಿ ಬಿಟ್ಟ ಹುಳ, ಎಣಿಸಿ ತೆಗೆದ ಹುಳ

ರಾಯಚೂರಿನ ನಮ್ಮ ಮನೆಯಲ್ಲಿ ಪಶ್ಚಿಮ ಆಫ್ರಿಕಾ ಮೂಲದ ಫ್ಯಾಟ್‌ಟೇಲ್ ಗೆಕ್ಕೊ ಒಂದನ್ನು ಸಾಕಿದ್ದೇನೆ. ಜೀವಂತ ಹುಳಗಳನ್ನು ಹಿಡಿದು ತಿನ್ನುವ ಈ ಹಲ್ಲಿಗಿಂತ ಅದರ ಆಹಾರವಾದ ಹುಳಗಳ ಉಸ್ತುವಾರಿಯೇ ಹೆಚ್ಚು ಕೆಲಸ ಬೇಡುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಹುಳಗಳನ್ನು ಎಣಿಸಿ ಬಿಡಬೇಕು, ತಿನ್ನದೆ ಉಳಿದವನ್ನು ಎಣಿಸಿಯೇ ಹೊರತೆಗೆಯಬೇಕು ಎಂಬುದು ನಾನು ಪಾಲಿಸುತ್ತಿರುವ ಕ್ರಮ. ಮಿಡತೆಯಂತೆ ಜಿಗಿಯುವ ಕ್ರಿಕೆಟ್ ಹುಳಗಳು ಹಸಿದರೆ, ಮಲಗಿದ ಹಲ್ಲಿಯ ಬೆರಳನ್ನೂ ರೆಪ್ಪೆಯ ಅಂಚನ್ನೂ ಕಚ್ಚಿ ಗಾಯ ಮಾಡಬಲ್ಲವು.

ಹಲ್ಲಿ ಚುರುಕಾಗುವ ಮುಸ್ಸಂಜೆಯಲ್ಲಿ, ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪವಿಲ್ಲದ ಹುಳಗಳನ್ನು ಆರಿಸಿ, ಒಂದೆರಡರಂತೆ ಬಿಡುತ್ತೇನೆ. ದುಂಬಿಯೊಂದರ ಮರಿಹುಳಗಳಾದ ಮೀಲ್‌ವರ್ಮ್‌ಗಳನ್ನು ಮಾತ್ರ ನುಣುಪಾದ ಅಂಚಿನ ಪಿಂಗಾಣಿ ಬಟ್ಟಲಿಗೆ ಹಾಕುತ್ತೇನೆ. ಅವು ಹತ್ತಿ ಹೊರಬರಲಾರವು, ಮಣ್ಣಿನಲ್ಲಿ ಹೂತು ಕಣ್ಮರೆಯಾಗುವುದೂ ಇಲ್ಲ. ತಪ್ಪಿಸಿಕೊಂಡ ಕ್ರಿಕೆಟ್‌ಗಳನ್ನು ಹಿಡಿಯಲು ಮೊಟ್ಟೆ ಟ್ರೇಯ ಒಂದು ತುಂಡನ್ನು ಮೂಲೆಯಲ್ಲಿ ಬೋರಲು ಹಾಕಿ, ಅದರ ಕೆಳಗೆ ಗಜ್ಜರಿಯ ಹೋಳೊಂದನ್ನು ಇಡುತ್ತೇನೆ. ರಾತ್ರಿ ಅವು ಹಲ್ಲಿಯ ಬದಲು ಗಜ್ಜರಿಯನ್ನು ಕೆರೆಯುತ್ತವೆ; ಬೆಳಿಗ್ಗೆ ದೀಪ ಹಾಕಿದಾಗ ಟ್ರೇಯ ಗುಳಿಗಳೊಳಗೆ ಮೀಸೆ ಆಡಿಸುತ್ತ ಅವುಚಿಕೊಂಡಿರುತ್ತವೆ. ತುಂಡನ್ನು ನಿಧಾನವಾಗಿ ಎತ್ತಿ ಡಬ್ಬಿಯೊಳಗೆ ಕೊಡವಿದರೆ ಲೆಕ್ಕ ಸರಿಹೋಗುತ್ತದೆ.

ಹುಳದ ಹೊಟ್ಟೆಯಲ್ಲಿರುವುದೇ ಹಲ್ಲಿಯ ಊಟವಾದ್ದರಿಂದ, ಬಿಡುವ ಹಿಂದಿನ ದಿನ ಅವಕ್ಕೆ ನುಗ್ಗೆ ಸೊಪ್ಪು, ಗಜ್ಜರಿ, ಕುಂಬಳಕಾಯಿ ಹಾಕುತ್ತೇನೆ. ಪಾಲಕ್ ಬೇಡ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ದೇಹಕ್ಕೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತದೆ. ಆಹಾರದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಸುಮಾರು 2:1ರ ಪ್ರಮಾಣದಲ್ಲಿರಬೇಕು, ಕ್ರಿಕೆಟ್‌ಗಳಲ್ಲಾದರೋ ರಂಜಕವೇ ಹಲವು ಪಟ್ಟು ಹೆಚ್ಚು. ಆದ್ದರಿಂದ ಬಿಡುವ ಮುನ್ನ ಅವನ್ನು ಕ್ಯಾಲ್ಸಿಯಂ ಪುಡಿ ಇರುವ ಡಬ್ಬಿಯಲ್ಲಿ ಮೆಲ್ಲಗೆ ಹೊರಳಾಡಿಸುತ್ತೇನೆ. ಇದನ್ನು ಕಡೆಗಣಿಸಿದರೆ ಹಲ್ಲಿಯ ಮೂಳೆಗಳು ಮೆತ್ತಗಾಗಿ ಕಾಲು, ದವಡೆ ಬಾಗುತ್ತವೆ.

ನಮ್ಮ ಭಾಗದ ಬೇಸಿಗೆಯೇ ದೊಡ್ಡ ಪರೀಕ್ಷೆ. ಉಷ್ಣಾಂಶ 40 ಡಿಗ್ರಿ ದಾಟಿದ ದಿನಗಳಲ್ಲಿ ಹುಳದ ಡಬ್ಬಿಯನ್ನು ಶಹಾಬಾದ್ ಕಲ್ಲು ಹಾಸಿದ ಒಳಕೋಣೆಯ ನೆಲದ ಮೇಲೆ ಇಡುತ್ತೇನೆ. ತಂಪಾಗಲೆಂದು ಒದ್ದೆ ಬಟ್ಟೆ ಹೊದಿಸುವವರಿದ್ದಾರೆ, ನನಗದು ಸರಿಯೆನಿಸುವುದಿಲ್ಲ; ಗಾಳಿಯಾಡದ ತೇವದಲ್ಲಿ ಹಿಕ್ಕೆ ಕೊಳೆತು ಅಮೋನಿಯಾ ಎದ್ದರೆ ಕ್ರಿಕೆಟ್‌ಗಳು ಸಾಮೂಹಿಕವಾಗಿ ಸಾಯುತ್ತವೆ. ಹೊರಗಿನಿಂದ ಪಾರ್ಸೆಲ್‌ನಲ್ಲಿ ಬರುವ ಕ್ರಿಕೆಟ್‌ಗಳಿಗೆ ಏಪ್ರಿಲ್‌ನ ದಾರಿಯೇ ಕಷ್ಟ, ಹೀಗಾಗಿ ಆ ತಿಂಗಳುಗಳಲ್ಲಿ ಸೆಕೆ ತಾಳುವ, ನುಣುಪು ಪ್ಲಾಸ್ಟಿಕ್ ಹತ್ತಲಾರದ ದುಬಿಯಾ ಜಿರಳೆಗಳನ್ನೇ ಅವಲಂಬಿಸುತ್ತೇನೆ. (ಜಿರಳೆ ಸಾಕುವುದನ್ನು ಅವ್ವ ಇನ್ನೂ ಒಪ್ಪಿಲ್ಲ.) ಗೋಧಿ ಬೂಸಾದಲ್ಲಿರುವ ಮೀಲ್‌ವರ್ಮ್‌ಗಳಿಗೆ ಇರುವೆ ಮುತ್ತದಂತೆ, ನೀರು ತುಂಬಿದ ಪರಾತದ ನಡುವೆ ಇಟ್ಟಿಗೆಯಿಟ್ಟು ಅದರ ಮೇಲೆ ಡಬ್ಬಿ ಇಡುವುದು ಸಾಕಾಗುತ್ತದೆ.

ಹೊಲದ ಮಿಡತೆಗಳನ್ನು ಹಿಡಿದು ತಂದುಕೊಡುತ್ತೇವೆಂದು ಪರಿಚಯದ ರೈತರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಇಲ್ಲಿ ಎಷ್ಟು ಕೀಟನಾಶಕ ಹೊಡೆಯುತ್ತಾರೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಹಾಗಾಗಿ ಅವನ್ನು ಮನೆಯೊಳಗೆ ತರುವುದಿಲ್ಲ.